ಅಡುಗೆಮನೆಯಲ್ಲಿ ಹೆಣ್ಣುನರಿ

ಸ್ಪೇನಿನ ಗಾಯಕಿಯರು ಈಚೆಗೆ ಹಾಡುಗಳಿಗೆ ಇಡುತ್ತಿರುವ ಹೆಸರು ನೋಡಿದರೆ, ಸಂಸಾರಸ್ಥರು ಫೋನನ್ನು ಊಟದ ಮೇಜಿನ ಮೇಲೆ ಕವುಚಿಯೇ ಇಡಬೇಕು. 2021ರಲ್ಲಿ ಬಾರ್ಸಿಲೋನಾದ ರಿಗೊಬೆರ್ತಾ ಬಂದಿನಿ ಎಂಬಾಕೆ 'ಪೆರ್ರಾ' ಎಂಬ ಹಾಡು ಬಿಟ್ಟಳು. ಹೆಣ್ಣುನಾಯಿ ಎಂದರ್ಥ. ಅದೇ ವರ್ಷ ಝಹಾರಾ ಎಂಬ ಇನ್ನೊಬ್ಬಾಕೆ ಇಡೀ ಒಂದು ಆಲ್ಬಮ್ಮಿಗೆ 'ಪುತಾ' ಎಂದು ಹೆಸರಿಟ್ಟಳು. ಚಿಕ್ಕ ಹುಡುಗಿಯಾಗಿದ್ದಾಗ ಶಾಲೆಯಲ್ಲಿ ತನ್ನನ್ನು ಹಾಗೆ ಕರೆಯುತ್ತಿದ್ದರು ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ಮಗುವನ್ನೆತ್ತಿಕೊಂಡ ಮಾತೆ ಮೇರಿಯ ವೇಷ ಹಾಕಿ, ಎದೆಗೆ ಅಡ್ಡಲಾಗಿ ಆ ಪದ ಬರೆದ ಪಟ್ಟಿ ಕಟ್ಟಿಕೊಂಡು ಆಕೆ ತೆಗೆಸಿಕೊಂಡ ಚಿತ್ರ ತೊಲೆದೊ ಊರಿನ ಪೋಸ್ಟರಿಗೆ ಬಂತು, ಗಲಾಟೆಯಾಯಿತು, ಪೋಸ್ಟರ್ ಇಳಿಯಿತು. ಆ ಪದದ ಕನ್ನಡವೂ ಎರಡೇ ಅಕ್ಷರ. ಅಚ್ಚು ಹಾಕಲು ಸಂಪಾದಕರು ಹಿಂದೆಮುಂದೆ ನೋಡಿದರೆ ತೋರಿಸೋಣವೆಂದು 12ನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯನ್ನು ಜೇಬಿನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೇನೆ. ಹೆಸರಿನ ಮುಂದೆ ಆ ಪದ, ಅಂಕಿತ ನೋಡಿದರೆ 'ನಿರ್ಲಜ್ಜೇಶ್ವರ'. ಸ್ಪೇನಿನವರು ಎಂಟುನೂರು ವರ್ಷ ತಡ.

ಆದರೆ ನನ್ನನ್ನು ಕಚ್ಚಿದ್ದು ಇವೆರಡೂ ಅಲ್ಲ. ಹೆಣ್ಣುನರಿ.

ನಾನು ಅಲಿಕಾಂತೆ ಎಂಬ ಸಮುದ್ರದಂಡೆಯ ಊರಿನಲ್ಲಿ ಇರುವುದು ಹೆಂಡತಿಯ ಬೆನ್ನಿಗೆ ಬಂದ ಗಂಡನಾಗಿ. ನನ್ನ ವೀಸಾದಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. ಅವಳಿಗೆ ವಿಶ್ವವಿದ್ಯಾಲಯದ ಪ್ರಯೋಗಾಲಯ. ನನಗೆ ಸಾರು, ಪಲ್ಯ, ಮತ್ತು ವಾರಕ್ಕೆ ಎರಡು ಸಂಜೆ ಪರದೇಶಿಗಳಿಗಾಗಿ ನಡೆಯುವ ಸ್ಪ್ಯಾನಿಷ್ ಪಾಠ. ಕ್ಲಾಸಿನಲ್ಲಿ ಉಕ್ರೇನಿನ ಇಬ್ಬರು ಹೆಂಗಸರು, ಓರಾನ್‌ನಿಂದ ಹಡಗು ಹತ್ತಿ ಬಂದ ಒಬ್ಬ ಅಲ್ಜೀರಿಯಾದ ಹುಡುಗ, ಬಿಸಿಲು ಕಾಯಿಸಲೆಂದೇ ಇಲ್ಲಿ ಮನೆ ಮಾಡಿರುವ ಒಬ್ಬ ಡಚ್ ಪಿಂಚಣಿದಾರ, ನಾನು. ಒಂದು ದಿನ ಮೇಡಂ ಹೇಳಿದರು: ಪ್ರತಿಯೊಬ್ಬರೂ ಸ್ಪೇನಿನ ಒಂದು ಹಾಡು ಆರಿಸಿಕೊಂಡು, ಅದರ ಕತೆಯನ್ನು ಸ್ಪ್ಯಾನಿಷ್‌ನಲ್ಲೇ ಹೇಳಬೇಕು, ಧೈರ್ಯವಿದ್ದವರು ಎರಡು ಸಾಲು ಹಾಡಬೇಕು. ಡಚ್ ಯಜಮಾನರು ಕೂಡಲೇ ಕೈಯೆತ್ತಿ 'ಈ ವಿವಾ ಎಸ್ಪಾನ್ಯಾ' ಹಿಡಿದುಕೊಂಡರು. ಅದು 1971ರಲ್ಲಿ ಬೆಲ್ಜಿಯಂನವರು ಬರೆದ ಹಾಡೆಂದು ಅವರಿಗೆ ಯಾರೂ ಹೇಳಲಿಲ್ಲ. ಅವರ ಖುಷಿ ನೋಡಿದರೆ ಹೇಳಬೇಕು ಅನ್ನಿಸುವಂತೆಯೂ ಇರಲಿಲ್ಲ.

ನಾನು ಆರಿಸಿಕೊಂಡದ್ದು 'ಥೋರ್ರಾ'. ನಮ್ಮದೇ ಅಲಿಕಾಂತೆ ಸೀಮೆಯ ಗಂಡ-ಹೆಂಡತಿಯ ಜೋಡಿ ನೆಬುಲೊಸ್ಸಾ ಮಾಡಿದ ಹಾಡು. 2024ರ ಫೆಬ್ರುವರಿಯಲ್ಲಿ ಪಕ್ಕದ ಬೆನಿದೋರ್ಮ್‌ನ ಸ್ಪರ್ಧೆ ಗೆದ್ದು, ಮೇ ತಿಂಗಳಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ನಡೆದ ಯೂರೋವಿಷನ್ ಎಂಬ ಯೂರೋಪಿನ ಹಾಡಿನ ಸ್ಪರ್ಧೆಗೆ ಸ್ಪೇನಿನ ಪರವಾಗಿ ಹೋಯಿತು. ಪದಕ್ಕೆ ನಿಘಂಟಿನಲ್ಲಿ ಹೆಣ್ಣುನರಿ, ಬೀದಿಯಲ್ಲಿ ಬೇರೆ. ಇದೇ ನರಿ ಗಂಡಾದರೆ ಚತುರ, ಕಪ್ಪು ಮುಖವಾಡ, ಕತ್ತಿ, ಕುದುರೆ, ಸಿನಿಮಾ. ಹೆಣ್ಣಾದರೆ ಬೈಗುಳ. ಒಬ್ಬಳೇ ಹೊರಗೆ ಹೋದವಳಿಗೂ ಅದೇ ಬಿರುದು, ತಡವಾಗಿ ಬಂದವಳಿಗೂ ಅದೇ ಬಿರುದು, ಸರಿ ಹಾಗಾದರೆ ಅದನ್ನು ನಾನೇ ಇಟ್ಟುಕೊಳ್ಳುತ್ತೇನೆ ಎನ್ನುತ್ತಾಳೆ ಹಾಡಿನ ಹೆಂಗಸು. ಹಾಡುವ ಮೇರಿ ಬಾಸ್ ಐವತ್ತು ದಾಟಿದವಳು. ಸುತ್ತ ಕುಣಿಯುವ ಗಂಡಸರಿಗೆ ಹೆಂಗಸರ ಬಿಗಿ ಒಳಕವಚ, ಎತ್ತರದ ಹಿಮ್ಮಡಿ. ಗಂಡ ಮಾರ್ಕ್ ದಸೋಸಾ ಹಿಂದೆ ಸಿಂಥಸೈಜರ್ ಮುಂದೆ ನಿಂತಿರುತ್ತಾನೆ. ಈ ಕೊನೆಯ ವಿವರವನ್ನು ನಾನು ಗಮನಿಸಿದ್ದೆ. ಅರ್ಥ ಮಾಡಿಕೊಂಡಿರಲಿಲ್ಲ.

ಎರಡು ಸಾಲಿನ ಮನೆಪಾಠವನ್ನು ಸಂಶೋಧನಾ ಪ್ರಬಂಧ ಮಾಡುವುದು ನನ್ನ ಹಳೆಯ ಚಟ. ಹೆಂಡತಿಗೆ ಡಾಕ್ಟರೇಟ್ ಇದೆ, ನನಗಿಲ್ಲ. ಅದರ ಉರಿ ಎಲ್ಲಿ ಬೇಕಾದರೂ ಹೊಗೆಯಾಡುತ್ತದೆ. ಮೊದಲು 1983ಕ್ಕೆ ಹೋದೆ. ಬಾಸ್ಕ್ ನಾಡಿನ ಕೈಗಾರಿಕಾ ಪಟ್ಟಣ ಬಾರಾಕಾಲ್ದೊದ ನಾಲ್ವರು ಹುಡುಗಿಯರು ಕಟ್ಟಿದ ಪಂಕ್ ಮೇಳ ಲಾಸ್ ವುಲ್ಪೆಸ್. ವುಲ್ಪೆಸ್ ಎಂದರೆ ಲ್ಯಾಟಿನ್ನಿನಲ್ಲಿ ನರಿ. ಅಮೆರಿಕದ ಸ್ಟೂಜಸ್ ತಂಡದ ಒಂದು ನಾಯಿಯ ಹಾಡಿಗೆ ತಮ್ಮದೇ ನರಿಯ ಸಾಹಿತ್ಯ ಹಾಕಿ, ತನಗೆ ನರಿಯಾಗಿರುವುದೇ ಇಷ್ಟ ಎಂಬರ್ಥದ ಶೀರ್ಷಿಕೆ ಕೊಟ್ಟು, ಆ ವರ್ಷ ಏಪ್ರಿಲ್‌ನಲ್ಲಿ ಸರ್ಕಾರಿ ಟಿವಿಯ 'ಕಾಹಾ ದೆ ರಿತ್ಮೋಸ್' ಕಾರ್ಯಕ್ರಮದಲ್ಲಿ ಹಾಡಿಯೇಬಿಟ್ಟರು. ಪ್ರಸಾರವಾದದ್ದು ಶನಿವಾರ ಬೆಳಿಗ್ಗೆ, ಮಕ್ಕಳು ಟಿವಿ ಮುಂದೆ ಕೂತಿರುವ ಹೊತ್ತು. ಸರ್ವಾಧಿಕಾರಿ ಫ್ರಾಂಕೊ ಸತ್ತು ಇನ್ನೂ ಎಂಟು ವರ್ಷವೂ ತುಂಬಿರಲಿಲ್ಲ. ಮ್ಯಾಡ್ರಿಡ್‌ನ ಸಂಪ್ರದಾಯಸ್ಥ ಪತ್ರಿಕೆಯೊಂದು ಇದೆಂಥ ಅಶ್ಲೀಲ ನೋಡಿ ಎಂದು ಸಾಹಿತ್ಯವನ್ನು ಅಚ್ಚು ಹಾಕಿ, ಟಿವಿ ಇಲ್ಲದವರಿಗೂ ತಲುಪಿಸಿತು. ಸಾರ್ವಜನಿಕ ಅಶ್ಲೀಲತೆಯ ದೂರು ಕೋರ್ಟಿಗೆ ಹೋಯಿತು, ಕಾರ್ಯಕ್ರಮದ ನಿರ್ದೇಶಕ ಕಾರ್ಲೋಸ್ ತೇನಾ ರಾಜೀನಾಮೆ ಕೊಟ್ಟರು, ಕಾರ್ಯಕ್ರಮವೇ ನಿಂತುಹೋಯಿತು, ಕೆಲವೇ ತಿಂಗಳಲ್ಲಿ ಮೇಳವೂ ಚದುರಿತು.

ನಲವತ್ತೊಂದು ವರ್ಷದ ಮೇಲೆ ಅದೇ ಪದವನ್ನು ಅದೇ ಸರ್ಕಾರಿ ಟಿವಿ ಹೂಹಾರ ಹಾಕಿ ಯೂರೋಪಿಗೆ ಕಳಿಸಿತು. ಬೈಗುಳಕ್ಕೆ ಆ ಸ್ಪರ್ಧೆಯಲ್ಲಿ ಅವಕಾಶವಿಲ್ಲ. ಆದರೂ ಸಂದರ್ಭ ನೋಡಿದರೆ ಇದಕ್ಕೆ ಬೇರೆ ಅರ್ಥಗಳೂ ಇವೆ ಎಂದು ಯೂರೋವಿಷನ್‌ನವರು ಒಪ್ಪಿಕೊಂಡರು. ಒಪ್ಪದವರು ಮನೆಯಲ್ಲೇ ಇದ್ದರು. ಸ್ತ್ರೀವಾದಿಗಳೇ ಎರಡು ಪಾಲಾದರು. ಮ್ಯಾಡ್ರಿಡ್‌ನ ಒಂದು ಸ್ತ್ರೀವಾದಿ ಸಂಘಟನೆ, ಬೈಗುಳ ಬೈಗುಳವೇ, ಕುಣಿದರೆ ಅದರ ಗಾಯ ಮಾಯುವುದಿಲ್ಲ ಎಂಬ ವಾದ ಹೂಡಿ ಹಾಡನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದಿತು. ಪ್ರಧಾನಿ ಪೆದ್ರೊ ಸಾಂಚೆಸ್ ಟಿವಿ ಸಂದರ್ಶನದಲ್ಲಿ ಹಾಡು ತನಗೆ ಹಿಡಿಸಿತು ಎಂದದ್ದಲ್ಲದೆ, ಬಲಪಂಥೀಯರಿಗೆ ಇದರ ಬದಲು ಫ್ರಾಂಕೊ ಕಾಲದ ಗೀತೆ ಬೇಕಿತ್ತೇನೋ ಎಂದು ಕುಟುಕಿದರು. ನಮ್ಮಲ್ಲಿ ಪ್ರಧಾನಿಗಳನ್ನು ಇಂಥ ಪ್ರಶ್ನೆ ಕೇಳುವವರಿಲ್ಲ. ಪತ್ರಿಕಾಗೋಷ್ಠಿ ಎಂಬ ಅಡ್ಡಿಯನ್ನೇ ತೆಗೆದುಹಾಕಿದ್ದೇವೆ. ಇಷ್ಟೆಲ್ಲ ಆಗಿ ಮಾಲ್ಮೊದಲ್ಲಿ ಸಿಕ್ಕಿದ್ದು 30 ಅಂಕ, 22ನೇ ಸ್ಥಾನ. ಫಿನ್ಲೆಂಡಿನವನೊಬ್ಬ ಚಡ್ಡಿಯೇ ಇಲ್ಲದವನ ಹಾಗೆ ವೇದಿಕೆ ತುಂಬ ಓಡಾಡಿದ ರಾತ್ರಿ ಅದು. ನರಿಗೆ ಯಾರು ಬೆಚ್ಚಿಬೀಳಬೇಕು.

ಪ್ರಬಂಧ ಮುಗಿಯಿತು. ಉಳಿದದ್ದು ಉಚ್ಚಾರಣೆ. ನನ್ನ ಒತ್ತು ರಕಾರ ಸಾಲದು, ಗುಡುಗಬೇಕು ಎಂದಿದ್ದರು ಮೇಡಂ. ಪಂಪನ ಕಾಲದಲ್ಲಿ ನಮಗೂ ಱ ಎಂಬ ಶಕಟರೇಫ ಇತ್ತು, ನಡುವೆ ಎಲ್ಲೋ ಬಿಟ್ಟುಕೊಟ್ಟೆವು ಎಂದು ನಾನು ಹಳಗನ್ನಡದ ಅಭಿಮಾನದಿಂದ ಹೇಳಿದ್ದಕ್ಕೆ, 'ವಾಪಸು ತಗೊಳ್ಳಿ' ಎಂದರು. ಆ ಅಕ್ಷರವಿರುವ ಪದಗಳನ್ನು ಆರಿಸಿ ಜೋರಾಗಿ, ಮತ್ತೆ ಮತ್ತೆ ಹೇಳಿ ಎಂದು ಸಲಹೆಯನ್ನೂ ಕೊಟ್ಟರು. ಆರಿಸಿದೆ. ನನಗೆ ಗೊತ್ತಿದ್ದ ಪದಗಳೇ ಕಮ್ಮಿ, ಅದರಲ್ಲಿ ನಾಲಿಗೆಗೆ ಸರಾಗವಾಗಿ ಕೂತವು ನಾಲ್ಕು: ಬಾರ್ರೆ, ಥಿಯೆರ್ರಾ, ಪೆರ್ರಾ, ಥೋರ್ರಾ. ತಾಳಕ್ಕೂ ಚೆನ್ನಾಗಿ ಬರುತ್ತಿತ್ತು. ಆದಿತಾಳ.

ಅರ್ಥಕ್ಕೆ ನಾನು ಗಮನ ಕೊಡಲಿಲ್ಲ. ನೀವು ಕೊಡಿ. ಬಾರ್ರೆ: ಗುಡಿಸು! ಥಿಯೆರ್ರಾ: ಮುಚ್ಚು! ಉಳಿದೆರಡು ಗೊತ್ತೇ ಇದೆ.

ಇಲ್ಲಿನ ಮನೆಗಳ ಬಗ್ಗೆ ಒಂದು ಮಾತು. ಹಳೆಯ ಬಹುಮಹಡಿ ಕಟ್ಟಡಗಳ ನಡುವೆ ನೆಲದಿಂದ ಆಕಾಶಕ್ಕೆ ಒಂದು ಕಿರಿದಾದ ಸುರಂಗ ಬಿಟ್ಟಿರುತ್ತಾರೆ, ಗಾಳಿ ಬೆಳಕಿಗೆಂದು. ಎಲ್ಲರ ಅಡುಗೆಮನೆಯ ಕಿಟಕಿಯೂ ಅದಕ್ಕೇ ತೆರೆಯುತ್ತದೆ. ಬಟ್ಟೆ ಒಣಗಿಸುವ ಹಗ್ಗವೂ ಅಲ್ಲೇ, ಜಾರಿಬಿದ್ದ ಕ್ಲಿಪ್ಪುಗಳ ರಾಶಿಯೂ ಅಲ್ಲೇ. ಬೆಂಗಳೂರಿನ ಹಳೆಯ ವಠಾರದ ನಲ್ಲಿಕಟ್ಟೆಯನ್ನು ಎತ್ತಿ ನಿಲ್ಲಿಸಿದ ಹಾಗೆ. ನಾಲ್ಕನೇ ಮಹಡಿಯಲ್ಲಿ ಚಮಚ ಬಿದ್ದರೆ ಒಂದನೆಯದರಲ್ಲಿ ತಲೆಯೆತ್ತುತ್ತಾರೆ. ಬೇಸಿಗೆಯ ಮಧ್ಯಾಹ್ನ ಊಟವಾದ ಮೇಲೆ ಇಡೀ ಕಟ್ಟಡ ಷಟರ್ ಇಳಿಸಿ, ಕಿಟಕಿ ಮಾತ್ರ ತೆರೆದಿಟ್ಟು, ಸದ್ದಿಲ್ಲದೆ ಮಲಗಿರುತ್ತದೆ. ಹೆಂಡತಿ ಬೇಸಿಗೆಯಲ್ಲಿ ಮೂರಕ್ಕೆಲ್ಲ ಮನೆಗೆ ಬಂದುಬಿಡುತ್ತಾಳೆ. ನನ್ನ ಅಡುಗೆಯೂ ರಿಯಾಜೂ ಶುರುವಾಗುವುದು ಆಗ.

ಈಗ ನೀವು ಮೇಲಿನ ಮನೆಯ ಹಾಸಿಗೆಯಲ್ಲಿ ಮಲಗಿದ್ದೀರಿ ಎಂದಿಟ್ಟುಕೊಳ್ಳಿ. ಕೆಳಗಿನಿಂದ ಮೊದಲು ಏನೋ ಸಿಳ್ಳೆ ಹೊಡೆಯುತ್ತದೆ. ಅದು ಕುಕ್ಕರ್ ಎಂದು ನಿಮಗೆ ಗೊತ್ತಿಲ್ಲ. ಬಳಿಕ ಒಬ್ಬ ಗಂಡಸಿನ ದನಿ: 'ಗುಡಿಸು! ಮುಚ್ಚು! ನಾಯಿ! ನರಿ!' ಒಂದು ಹೆಣ್ಣುದನಿ, ಅರ್ಥವಾಗದ ಭಾಷೆಯಲ್ಲಿ, ಸೋತ ಹಾಗೆ: 'ಸಾಕು ನಿಲ್ಸಿ ಮಾರಾಯ್ರೆ, ತಲೆ ಸಿಡೀತಾ ಇದೆ.' ಸ್ಟೀಲ್ ತಟ್ಟೆಯೊಂದು ನೆಲಕ್ಕೆ ಬೀಳುತ್ತದೆ. ಮತ್ತೆ ಗಂಡಸು, ಇನ್ನೂ ಜೋರಾಗಿ. ಆಮೇಲೆ ನಾನು ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿಯ ಜತೆ ಗುಂಟೂರಿನದನ್ನೂ ಮುರಿದು ಹಾಕುತ್ತೇನೆ. ಘಾಟಿಗೆ ಅವಳು ಕೆಮ್ಮುತ್ತ, ಮೂಗು ಸೀಟುತ್ತ, ಬಾಗಿಲು ತೆಗೆದು ಮೆಟ್ಟಿಲ ಬಳಿಗೆ ಓಡುತ್ತಾಳೆ. ಅಲ್ಲಿ ಲಿಫ್ಟಿನಿಂದ ಇಳಿದವರಿಗೆ ಕಾಣುವುದು ಕೆಂಪು ಕಣ್ಣಿನ, ಕೆನ್ನೆ ಒದ್ದೆಯಾದ ಒಬ್ಬ ಭಾರತೀಯ ಹೆಂಗಸು.

ಮೊದಲು ಬಂದದ್ದು ಕ್ರೊಕೆತಾ ಎಂಬ ಕರಿದ ಉಂಡೆ. ಮೇಲಿನ ಮನೆಯ ಅಜ್ಜಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದು ಹೆಂಡತಿಯ ಕೈಗೇ ಕೊಟ್ಟು, 'ತಿನ್ನು ಮಗಳೇ' ಎಂದು ಗಲ್ಲ ಸವರಿ ಹೋದರು. ಆಮೇಲೆ ಎದುರು ಮನೆಯಿಂದ ಆಲೂಗೆಡ್ಡೆ ತೊರ್ತಿಯಾ. ಆಮೇಲೆ ಕಡಲೆಕಾಳು ಹಾಕಿ ಒಲೆಯಲ್ಲಿ ಬೇಯಿಸಿದ ಅನ್ನ, ಸಸ್ಯಾಹಾರಿಗಳೆಂದು ಕೇಳಿ ತಿಳಿದುಕೊಂಡು ಮಾಂಸವಿಲ್ಲದೆ ಮಾಡಿದ್ದು. ನಾನು ಇದನ್ನು ನನ್ನ ಭಾಷಾಸಾಧನೆಗೆ ಸಂದ ಮನ್ನಣೆ ಎಂದೇ ತಿಳಿದೆ. 'ನೋಡು, ಇಲ್ಲಿನ ಭಾಷೆ ಕಲಿಯೋಕೆ ಮನಸ್ಸು ಮಾಡಿದರೆ ಜನ ಹೇಗೆ ಹತ್ತಿರ ಆಗ್ತಾರೆ' ಎಂದು ಅವಳಿಗೆ ಉಪದೇಶವನ್ನೂ ಮಾಡಿದೆ. ಅವಳು ತೊರ್ತಿಯಾ ಜಗಿಯುತ್ತ ತಲೆಯಾಡಿಸಿದಳು. ಒಂದನೇ ಮಹಡಿಯ ಯಜಮಾನರು ಮಾತ್ರ ನನ್ನ 'ಬುಯೆನೋಸ್ ದಿಯಾಸ್'ಗೆ ಉತ್ತರ ಕೊಡುವುದನ್ನು ನಿಲ್ಲಿಸಿದ್ದರು. ಕಿವಿ ಮಂದವಾಗಿರಬೇಕು ಪಾಪ, ಎಂದು ಮರುದಿನದಿಂದ ಇನ್ನೂ ಗಟ್ಟಿಯಾಗಿ, ಹೆಗಲಿಗೆ ಹತ್ತಿರ ಹೋಗಿ ಹೇಳತೊಡಗಿದೆ. ಅವರು ಗೋಡೆಗೆ ಒತ್ತಿಕೊಂಡರು.

ಕ್ರೊಕೆತಾದ ಡಬ್ಬಿಯ ತಳದಲ್ಲಿ ಒಂದು ಚೀಟಿ ಇತ್ತಂತೆ. ನನಗೆ ತೋರಿಸಿರಲಿಲ್ಲ. ಅದರಲ್ಲಿ ಮೂರೇ ಅಂಕೆ: 016.

ಸ್ಪೇನಿನಲ್ಲಿ ಈ ಸಂಖ್ಯೆ ಗೊತ್ತಿಲ್ಲದವರಿಲ್ಲ. ಗಂಡನಿಂದ, ಗೆಳೆಯನಿಂದ ಏಟು ತಿನ್ನುವ ಹೆಂಗಸರಿಗೆ ಇರುವ ಸಹಾಯವಾಣಿ ಅದು. ಇಂಥ ಹಿಂಸೆಯ ವಿರುದ್ಧ 2004ರಲ್ಲಿ ಇಲ್ಲಿ ಬಂದ ವಿಶೇಷ ಕಾನೂನಿನ ಬೆನ್ನಿಗೆ, 2007ರಲ್ಲಿ ಶುರುವಾಯಿತು. ಕರೆ ಮಾಡಿದ್ದು ಫೋನಿನ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ವಾರ್ತೆಯಲ್ಲಿ ಇಂಥ ಕೊಲೆಯ ಸುದ್ದಿ ಬಂದಾಗಲೆಲ್ಲ ಕೆಳಗೆ ಈ ಅಂಕೆ ತೋರಿಸುತ್ತಾರೆ. ನೆರೆಯವರು ಮಾಡಿದ್ದು ನೂರಕ್ಕೆ ನೂರು ಸರಿ; ನಮ್ಮೂರಿನಲ್ಲಾಗಿದ್ದರೆ ಟಿವಿಯ ದನಿ ಏರಿಸಿಕೊಳ್ಳುತ್ತಿದ್ದರು. ತಪ್ಪಿದ್ದರೆ ಅದು ನನ್ನ ಹೆಂಡತಿಯದು. ಚೀಟಿ ನೋಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಗಿತ್ತು. 'ಹಾಗಾದ್ರೆ ಯಾಕೆ ಹೇಳಲಿಲ್ಲ?' ಎಂದು ಆಮೇಲೆ ಕೇಳಿದರೆ ಒಂದೇ ಮಾತು: 'ಅಲ್ಲ ಮಾರಾಯ್ರೆ, ಮರುದಿನ ತೊರ್ತಿಯಾ ಬಂತಲ್ಲ. ಇನ್ನೇನೇನು ಬರುತ್ತೋ ನೋಡೋಣ ಅಂತ.'

ಬಂದದ್ದು ಮೂವರು ಹೆಂಗಸರು. ಮೇಲಿನ ಅಜ್ಜಿ, ಎದುರು ಮನೆಯ ನರ್ಸ್, ಮತ್ತು ನಾನು ಅದುವರೆಗೆ ನೋಡಿಯೇ ಇರದ, ಸೊಂಟಕ್ಕೆ ಕೈ ಕೊಟ್ಟು ನಿಂತ ಒಬ್ಬಾಕೆ. ನನ್ನನ್ನು ಬ್ರೆಡ್ ತರಲು ಹೋಗು ಎಂದರು. ನಮ್ಮಲ್ಲಿ ಚಪಾತಿ ಇದೆ ಎಂದೆ. ಹೋಗಿ ಬ್ರೆಡ್ ತಾ ಎಂದು ಸೊಂಟದಾಕೆ ಇನ್ನೊಮ್ಮೆ ಹೇಳಿದಳು, ಒಂದು ಹೆಜ್ಜೆ ಮುಂದೆ ಬಂದು. ಆಗ ನರ್ಸ್ ನನಗೆ ಅರ್ಥವಾಗುವಷ್ಟು ನಿಧಾನವಾಗಿ, ಪ್ರತಿ ಮಧ್ಯಾಹ್ನ ಕೇಳಿಸುತ್ತದೆ, ನೀನು ಏನು ಕೂಗುತ್ತೀಯೆಂದು ಇಡೀ ಕಟ್ಟಡಕ್ಕೆ ಗೊತ್ತು ಎಂದಳು.

ಇಂಥ ಹೊತ್ತಿನಲ್ಲಿ ಬುದ್ಧಿವಂತನಾದವನು ಹೆಂಡತಿಯ ಮುಖ ನೋಡುತ್ತಾನೆ. ನಾನು ಪ್ರಬಂಧದ ಕಡೆ ನೋಡಿದೆ. ಸ್ಪ್ಯಾನಿಷ್‌ನಲ್ಲಿ ನನಗೆ ಬಾಯಿಪಾಠವಾಗಿದ್ದದ್ದು ಅದೊಂದೇ. ಅದರ ಮೊದಲ ವಾಕ್ಯದಿಂದಲೇ ಶುರು ಮಾಡಿದೆ: 'ಥೋರ್ರಾ ಎಂಬುದು ಮೂಲತಃ ಒಂದು ಪ್ರಾಣಿಯ ಹೆಸರು.'

ಮೂವರ ಮುಖವೂ ಒಟ್ಟಿಗೇ ಕಲ್ಲಾಯಿತು. 'ಮುರ್ಸಿಯಾದ ಜಡ್ಜೂ ಹಾಗೇ ಅಂದಿದ್ದ' ಎಂದರು ಅಜ್ಜಿ.

ಪಕ್ಕದ ಮುರ್ಸಿಯಾದ ಕತೆ ನನ್ನ ಸಂಶೋಧನೆಗೆ ಹೇಗೋ ತಪ್ಪಿಸಿಕೊಂಡಿತ್ತು. ಹೆಂಡತಿಯನ್ನು ಸಾಯಿಸುವುದಾಗಿ ಬೆದರಿಸಿ, ಅವಳನ್ನು ಇದೇ ಪದದಿಂದ ಕರೆದ ಗಂಡನೊಬ್ಬನ ಮೊಕದ್ದಮೆಯಲ್ಲಿ ಅಲ್ಲಿನ ಪ್ರಾಂತೀಯ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಒಂದು ತೀರ್ಪು ಕೊಟ್ಟಿತು. ಆತ ಅವಮಾನಿಸಲು ಹಾಗೆ ಅಂದದ್ದಲ್ಲ. ಅಪಾಯ ಅರಿತು ಹುಷಾರಾಗಿರಬೇಕಾದ ಒಂದು ಪ್ರಾಣಿಯನ್ನು ವರ್ಣಿಸಿದ್ದು ಎಂಬುದು ತೀರ್ಪಿನ ತರ್ಕ. ದೇಶವೆಲ್ಲ ಬಾಯಿ ಬಡಿದುಕೊಂಡಿತು. ಪ್ರಾಣಿಶಾಸ್ತ್ರದ ಮೊರೆ ಹೋದ ಎರಡನೇ ಗಂಡಸಾಗಿ ನಾನು ಆ ಹೊಸಿಲ ಮೇಲೆ ನಿಂತಿದ್ದೆ.

'ಹಾಡು! ಅದು ಹಾಡು!' ಎಂದೆ. 'ನೆಬುಲೊಸ್ಸಾ! ಯೂರೋವಿಷನ್!'

ಹಾಡು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸೊಂಟದಾಕೆಯಂತೂ ಬೆನಿದೋರ್ಮ್‌ನಲ್ಲಿ ಅದು ಗೆದ್ದ ರಾತ್ರಿ ಬೆಳಗಿನವರೆಗೆ ಕುಣಿದವಳಂತೆ. 'ಆ ಹಾಡನ್ನು ಹೇಳೋದು ಅವಳು. ಗಂಡ ಹಿಂದೆ ನಿಂತು ಪೆಟ್ಟಿಗೆ ಬಾರಿಸ್ತಾನೆ. ನೀನೇನು ಬಾರಿಸ್ತೀಯ?' ಕೈಯಲ್ಲಿ ಸೌಟಿತ್ತು. ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡೆ.

ಆಗ ನನ್ನ ಹೆಂಡತಿ ಕೊನೆಗೂ ಬಾಯಿ ತೆಗೆದಳು. ಎಲ್ಲ ಹೇಳಿದಳು: ಕ್ಲಾಸು, ಮನೆಪಾಠ, ರಕಾರ, ಮೆಣಸಿನಕಾಯಿ. ನನಗೆ ತಿಳಿಯದ ವೇಗದ ಸ್ಪ್ಯಾನಿಷ್‌ನಲ್ಲಿ ಹೇಳಿದಳು. ಯಾವ ಕ್ಲಾಸಿಗೂ ಹೋಗದೆ ಪ್ರಯೋಗಾಲಯದಲ್ಲೇ ಕಲಿತದ್ದಂತೆ. ಮೂವರೂ ನಂಬಲು ಸಿದ್ಧರಾದರು, ಆದರೆ ನರ್ಸ್ ವಿಜ್ಞಾನದವಳು, ಪುರಾವೆ ಕೇಳಿದಳು: ಹಾಡಲಿ ನೋಡೋಣ.

ಹಾಡಿದೆ. ಪದ ಬರುವ ಕಡೆಯಲ್ಲೆಲ್ಲ, ಗಂಡಸಾದ ನಾನು ಇದನ್ನು ಅನ್ನಬಾರದೆಂದು ಈಗಷ್ಟೇ ಕಲಿತಿದ್ದರಿಂದ, ಅದನ್ನು ನುಂಗಿ 'ಹ್ಞೂಂ' ಎಂದೆ. ಆ ಹಾಡಿನಲ್ಲಿ ಅದೊಂದು ಪದ ತೆಗೆದರೆ ಉಳಿಯುವುದೇ ಬಹಳ ಕಮ್ಮಿ. ಕರುಳಿನ ತೊಂದರೆ ಇರುವವನ ಹಾಗೆ ಹ್ಞೂಂ, ಹ್ಞೂಂ ಎನ್ನುತ್ತ ಮುಗಿಸಿದೆ. ಮೌನ. ಅಜ್ಜಿ ನಿಧಾನವಾಗಿ ನನ್ನ ಹೆಂಡತಿಯ ಕಡೆ ತಿರುಗಿದರು. 'ನಾವು ಕೇಳಿದ್ದು ಹಾಡು ಅಂತ ನಮಗೆ ಯಾಕೆ ಗೊತ್ತಾಗಲಿಲ್ಲ ಅನ್ನೋದು ಈಗ ಗೊತ್ತಾಯಿತು ಮಗಳೇ' ಎಂದರು. ಸೊಂಟದಾಕೆ, ಹಾಡುಗಳಿಗೆ ಕಿರುಕುಳ ಕೊಟ್ಟರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದಳು. ಆಮೇಲೆ ನಾಲ್ವರೂ ನಮ್ಮ ಅಡುಗೆಮನೆಯಲ್ಲಿ ನಿಂತು, ಪದವನ್ನು ಒಂದು ಕಡೆಯೂ ಬಿಡದೆ, ಸುರಂಗಕ್ಕೆ ಕೇಳಿಸುವಂತೆ ಹಾಡಿದರು. ನಾನು ಬ್ರೆಡ್ ತರಲು ಹೋದೆ.

ಕ್ಲಾಸಿನಲ್ಲಿ ಹಾಡು ಬದಲಿಸಿದೆ. ಯಾರಿಗೂ ನೋವಾಗದ, ಅರ್ಥವೇ ಇಲ್ಲದ ಪಲ್ಲವಿ ಇರಲಿ ಎಂದು 1968ರಲ್ಲಿ ಮಾಸ್ಸಿಯೆಲ್ ಹಾಡಿ ಸ್ಪೇನಿಗೆ ಮೊದಲ ಯೂರೋವಿಷನ್ ಗೆದ್ದುಕೊಟ್ಟ 'ಲಾ, ಲಾ, ಲಾ' ಹಿಡಿದೆ. ಅದನ್ನು ಹಾಡಬೇಕಿದ್ದವನು ಜೋನ್ ಮಾನುಯೆಲ್ ಸೆರಾತ್, ಆತ ಕತಲಾನ್ ಭಾಷೆಯಲ್ಲೇ ಹಾಡುತ್ತೇನೆ ಎಂದು ಪಟ್ಟು ಹಿಡಿದದ್ದರಿಂದ ಫ್ರಾಂಕೊ ಸರ್ಕಾರ ಕಡೆಯ ಗಳಿಗೆಯಲ್ಲಿ ಅವನನ್ನು ತೆಗೆದು ಇವಳನ್ನು ಕಳಿಸಿತು ಎಂದು ನಾನು ಉತ್ಸಾಹದಿಂದ ಹೇಳುವಷ್ಟರಲ್ಲಿ ಮೇಡಂ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಅವರ ಮನೆಮಾತು ವಲೆನ್ಸಿಯಾನೊ. ಅದು ಕತಲಾನ್ ಹೌದೋ ಅಲ್ಲವೋ ಎಂಬ ಜಗಳಕ್ಕೆ ಈ ಸೀಮೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಉಳಿದ ಪಾಠವೆಲ್ಲ ಅದಕ್ಕೇ ಹೋಯಿತು. ಡಚ್ ಯಜಮಾನರ ಸರದಿ ಬರಲೇ ಇಲ್ಲ, ಅವರು ಹ್ಯಾಟು ತಂದಿದ್ದರು.

ಡಬ್ಬಿಗಳನ್ನು ಖಾಲಿ ಹಿಂದಿರುಗಿಸುವುದು ನಮ್ಮಲ್ಲಿ ಪದ್ಧತಿಯಲ್ಲ. ಸಾಗರದಿಂದ ಅತ್ತೆಯವರು ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಹೆಂಡತಿ ಅದಕ್ಕೆ ತುಂಬಿ ಮೂರೂ ಮನೆಗೆ ಕೊಟ್ಟುಬಂದಳು. ಅದನ್ನು ಅನ್ನಕ್ಕೆ ಚೂರೇ ನೆಂಚಿಕೊಳ್ಳಬೇಕು ಎಂದು ಹೇಳಲು ಮರೆತಳೋ, ಬೇಕೆಂದೇ ಬಿಟ್ಟಳೋ. ಅವರು ಆಲಿವ್ ಹಣ್ಣಿನಂತೆ ಇಡಿಯಾಗಿ ಬಾಯಿಗೆ ಹಾಕಿಕೊಂಡಿದ್ದಾರೆ. ಮಧ್ಯಾಹ್ನ ಲಿಫ್ಟಿನ ಬಳಿ ಎದುರು ಮನೆಯ ನರ್ಸ್ ಸಿಕ್ಕಳು. ಕಣ್ಣು ಕೆಂಡ, ಮೂಗು ಸುರಿಯುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಹಿಂದೆಯೇ ಅವಳ ಗಂಡ ನೀರಿನ ಲೋಟ ಹಿಡಿದು ಓಡಿಬಂದ. ಒಂದನೇ ಮಹಡಿಯ ಯಜಮಾನರು ಮೆಟ್ಟಿಲ ಮೇಲೆ ನಿಂತು ಅವಳನ್ನು ನೋಡಿದರು, ಅವನನ್ನು ನೋಡಿದರು, ನನ್ನ ಕಡೆ ತಿರುಗಿ ಎಷ್ಟೋ ದಿನದ ಮೇಲೆ 'ಬುಯೆನಾಸ್ ತಾರ್ದೆಸ್' ಎಂದರು. ನಾನೂ ಅವರೊಡನೆ ಸೇರಿ ಆ ಗಂಡನನ್ನು ದುರುಗುಟ್ಟಿ ನೋಡಿದೆ.